ಆಟವೋ, ಜೂಜೋ?

ತಮ್ಮಣ್ಣನು ಶ್ರೀಕೃಷ್ಣಪಾರಿಜಾತವನ್ನು ಬೆಳಗಿಸಿದ ಈ ಕುಲಗೋಡದಲ್ಲಿ ‘ಆಟ’ವೆಂದರೆ ಊರೆಲ್ಲ ಕೂಡಿ ಬೆಳತನಕ ನೋಡುವ ಸಂಭ್ರಮ. ಇಂದು ಅಂಗೈಯ ಮೊಬೈಲಿನಲ್ಲಿ ಪಣವಿಟ್ಟಾಡುವ ರಮ್ಮಿಗೂ ಅದೇ ಹೆಸರು! ಅದು ಕೌಶಲ್ಯದ ಆಟ, ಜೂಜಲ್ಲವೆಂದು ಕೆಲವು ಮಹಾಶಯರು ವಾದಿಸುವರು. ಕರ್ನಾಟಕ ಸರಕಾರವು 2021ರಲ್ಲಿ ಮಾಡಿದ ನಿಷೇಧವನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರುವರಿ 14ರಂದು ಈ ಭೇದವನ್ನೆತ್ತಿ ಹಿಡಿದು ರದ್ದುಗೊಳಿಸಿತು. ತೀರ್ಪಿಗೆ ತಲೆಬಾಗುವೆವು, ವಾದಕ್ಕೆ ಬಾಗಲಾರೆವು. ಶಕುನಿಗೆ ಕೌಶಲ್ಯದ ಕೊರತೆಯಿದ್ದಿತೇ? ಕುಶಲನೆದುರು ಪಣವಿಟ್ಟವನ ಮನೆಯೇ ಮೊದಲು ಹಾಳಾಗುವದು. 2025ರ ಆಗಸ್ಟಿನಲ್ಲಿ ಸಂಸತ್ತು ಆ ಭೇದವನ್ನು ಬದಿಗಿರಿಸಿ ಆನ್‌ಲೈನ್ ಹಣದಾಟವನ್ನು ನಿಷೇಧಿಸುವ, ಪಣವಿಲ್ಲದ ಆಟಕ್ಕೆ ಉತ್ತೇಜನವೀಯುವ ಶಾಸನವನ್ನು ಅಂಗೀಕರಿಸಿದ್ದು ಯೋಗ್ಯವೇ ಸರಿ. ವಾಚಕರೇ, ಮಕ್ಕಳು ಆಡಲಿ, ಗೆಲ್ಲಲಿ; ಪಣವಿಟ್ಟ ಕ್ಷಣವೇ ಆಟವು ಸತ್ತಿತೆಂದು ಅವರಿಗೆ ತಿಳಿಹೇಳುವ ಹೊಣೆ ಶಾಸನದ್ದಲ್ಲ, ನಮ್ಮದು.