ಈ ವರ್ಷ ಕೇಳಿದ್ದು, ಕೇಳಿಸಿದ್ದು

ಡಿಸೆಂಬರ್ ಬಂತೆಂದರೆ ಈ ಪುಟಕ್ಕೆ ನಾನು ಬರೆಯುವುದು ಒಂದೇ ವಿಷಯ. ವರ್ಷವಿಡೀ ಕೇಳಿದ ಆಲ್ಬಮ್‌ಗಳಲ್ಲಿ ಯಾವುದು ಮನಸ್ಸಿಗೆ ಹಿಡಿಸಿತು ಎಂಬುದು. ಹಳೆಯ ಓದುಗರಿಗೆ ನನ್ನ ನಿಯಮ ಗೊತ್ತು. ಮಕ್ಕಳಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಆಲ್ಬಮ್ ಇದೇ ವರ್ಷ ಬಂದಿರಬೇಕೆಂದಿಲ್ಲ, ಆದರೆ ಅದನ್ನು ಮೊದಲಿನಿಂದ ಕೊನೆಯವರೆಗೆ, ಮಧ್ಯೆ ಒಂದು ಹಾಡನ್ನೂ ಹಾರಿಸದೆ, ಕೂತು ಕೇಳಿರಬೇಕು. ಭಾನುವಾರ ತಿಂಡಿ ಮುಗಿದ ಮೇಲೆ ನಮ್ಮ ಮನೆ ನಡುಮನೆಯಲ್ಲಿ ಈ ಕೆಲಸ ನಡೆಯುತ್ತದೆ. ಜೊತೆಗೆ ಆರನೇ ತರಗತಿ ‘ಬಿ’ ಸೆಕ್ಷನ್‌ನಲ್ಲಿ ಓದುವ ಮೊಮ್ಮಗಳು ಪುಟ್ಟಿ.

“ಇಷ್ಟ ಇಲ್ಲದ ಹಾಡನ್ನ ಯಾಕೆ ಕೇಳ್ಬೇಕು ತಾತ? ಮುಂದಕ್ಕೆ ಒತ್ತಿದ್ರೆ ಆಯ್ತಲ್ಲ” ಎನ್ನುತ್ತಾಳೆ ಅವಳು. ಫೋನಿನಲ್ಲಿ ಒತ್ತಬಹುದು. ಆದರೆ ಆಲ್ಬಮ್ ಎಂಬ ಮಾತು ಬಂದಿದ್ದು ಹೇಗೆ ಗೊತ್ತೇ? ಹಿಂದೆ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ದೊಡ್ಡ ಸಂಗೀತಕ್ಕೆ ನಾಲ್ಕೈದು ತಟ್ಟೆ ಬೇಕು. ಅವನ್ನು ಕಾಗದದ ಚೀಲಗಳಲ್ಲಿಟ್ಟು, ಫೋಟೊ ಆಲ್ಬಮ್‌ನ ಹಾಗೆ ರಟ್ಟು ಹಾಕಿ ಹೊಲಿದು ಪುಸ್ತಕ ಮಾಡುತ್ತಿದ್ದರು. ಒಂದಾದ ಮೇಲೆ ಒಂದು ಪುಟ ತಿರುಗಿಸಿದಂತೆ ತಟ್ಟೆ ಹಾಕಬೇಕಿತ್ತು. ಪುಸ್ತಕ ಹೋಯಿತು, ಹೆಸರು ಉಳಿಯಿತು.

ಈ ವರ್ಷದ ಪಟ್ಟಿ ಮಾತ್ರ ಎಂದಿನ ಹಾಗಿಲ್ಲ. ಕಾರಣ ಹೇಳುವುದಕ್ಕೆ ಸ್ವಲ್ಪ ನಾಚಿಕೆ.

ಸಂಕ್ರಾಂತಿಯ ವಾರ ‘ಕಾಲ್ ಆಫ್ ದಿ ವ್ಯಾಲಿ’ ಹಾಕಿದ್ದೆ. 1967ರಲ್ಲಿ ಬಂದ ಎಲ್‌ಪಿ ಅದು. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಒಬ್ಬ ಕುರುಬನ ಒಂದು ದಿನದ ಕಥೆ. ಬಾಯಿಮಾತು ಒಂದೂ ಇಲ್ಲ. ಬೆಳಗಿನ ಅಹಿರ್ ಭೈರವ್ ರಾಗದಲ್ಲಿ ಶುರುವಾಗಿ, ಹೊತ್ತೇರಿದಂತೆ ರಾಗ ಬದಲಾಗುತ್ತ, ಕೊನೆಗೆ ಪಹಾಡಿಗೆ ಬಂದು ನಿಲ್ಲುತ್ತದೆ. ಒಂದು ತುಣುಕು ಹಾರಿಸಿದರೂ ಕುರುಬನ ಮಧ್ಯಾಹ್ನವೇ ಕಾಣೆಯಾಗುತ್ತದೆ! ಪುಟ್ಟಿಗೆ ಆಲ್ಬಮ್ ಎಂದರೇನೆಂದು ತೋರಿಸಲು ಇದಕ್ಕಿಂತ ಬೇರೆ ಬೇಡ ಅಂದುಕೊಂಡಿದ್ದೆ.

ಸಂತೂರ್‌ಗೆ ನೂರರಷ್ಟು ತಂತಿ. ಎರಡು ಸಣ್ಣ ಮರದ ಕಡ್ಡಿಗಳಿಂದ ತಟ್ಟಿ ನುಡಿಸುತ್ತಾರೆ. ಪುಟ್ಟಿ ಕಣ್ಣು ಮುಚ್ಚಿಕೊಂಡು, “ತಾತ, ನೀರಿನ ಮೇಲೆ ಬಿಸಿಲು ಬಿದ್ದ ಹಾಗಿದೆ” ಅಂದಳು. ನನಗೆ ಹಾಗೆ ಕೇಳಿಸಲಿಲ್ಲ. ಸ್ವರ ಬರುತ್ತಿದೆ, ಹೊಳಪಿಲ್ಲ. ಕಂಚಿನ ಲೋಟ ತಟ್ಟಬೇಕಾದ ಕಡೆ ಯಾರೋ ಮಣ್ಣಿನ ಕುಡಿಕೆ ತಟ್ಟಿದಂತೆ. ತಟ್ಟೆ ಸವೆದಿದೆ ಅಂದೆ. ಸೂಜಿ ಬದಲಿಸಬೇಕು ಅಂದೆ. ಪುಟ್ಟಿ ನನ್ನ ಮುಖವನ್ನೇ ನೋಡಿ, “ನಂಗೆ ಚೆನ್ನಾಗೇ ಕೇಳಿಸ್ತಿದೆಯಲ್ಲ ತಾತ” ಅಂದಳು.

“ರೀ, ಎರಡು ವರ್ಷದಿಂದ ನಾನು ಬಡ್ಕೊತಿರೋದು ಇದನ್ನೇ. ಟೀವಿ ಸದ್ದು ಆಚೆ ಬೀದೀಗೆ ಕೇಳತ್ತೆ” ಅಂತ ಅಡುಗೆಮನೆಯಿಂದ ಬಂತು. ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಪರೀಕ್ಷೆ ಮಾಡಿಸಿದ್ದಾಯಿತು. ಹೆಡ್‌ಫೋನ್ ಹಾಕಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎನ್ನುತ್ತಾರೆ. ಆಮೇಲೆ ಒಂದು ನಕ್ಷೆ ಕೊಡುತ್ತಾರೆ. ನನ್ನ ನಕ್ಷೆಯ ಗೆರೆ ಮಂದ್ರಸ್ವರಗಳ ಕಡೆ ನೆಟ್ಟಗಿದ್ದು, ತಾರದ ಕಡೆ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಹಾಗೆ ಇಳಿದಿತ್ತು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆಯಂತೆ. ಅದರ ಬಾಗಿಲ ಹತ್ತಿರ ಇರುವ ಕೂದಲಿನಂಥ ಕೋಶಗಳು ಎತ್ತರದ ಸದ್ದನ್ನು ಹಿಡಿಯುತ್ತವೆ, ಒಳತುದಿಯವು ತಗ್ಗಿನ ಸದ್ದನ್ನು. ವಯಸ್ಸಾದಂತೆ ಬಾಗಿಲ ಹತ್ತಿರದವೇ ಮೊದಲು ಸವೆಯುವುದು. “ಕಾಲೊರಸು ಸವೆಯೋ ಹಾಗಾ?” ಅಂತ ಪುಟ್ಟಿ ಕೇಳಿದಳು. ಸರಿಯಾಗಿಯೇ ಕೇಳಿದಳು. ಮಕ್ಕಳೇ, ನಿಮಗೆ ಸೆಕೆಂಡಿಗೆ 20,000 ಕಂಪನಗಳಿರುವ ಸದ್ದಿನ ಹತ್ತಿರದವರೆಗೂ ಕೇಳಿಸುತ್ತದೆ. ನನಗೆ 2,000 ದಾಟಿದ ಮೇಲೆ ಕತ್ತಲೆ. ಸಂತೂರಿನ ಹೊಳಪು, ತಾಳದ ಝಣ, ತಂಬೂರಿಯ ಝೇಂಕಾರದ ಮೇಲಿನ ಎಳೆಗಳು, ಮಾತಿನಲ್ಲಿ ‘ಸ’, ‘ಶ’, ‘ಫ’ ಇವೆಲ್ಲ ಇರುವುದು ಆ ಕತ್ತಲೆಯೊಳಗೇ.

ಇಷ್ಟು ವರ್ಷ ಇದು ನನಗೇ ಗೊತ್ತಾಗದೆ ಇದ್ದುದು ಹೇಗೆ? ಉತ್ತರ ಯುಗಾದಿ ಹೊತ್ತಿಗೆ ಸಿಕ್ಕಿತು. ಅವತ್ತು ‘ನಿತ್ಯೋತ್ಸವ’ ಕೇಳುತ್ತಿದ್ದೆವು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. 1978ರಲ್ಲಿ ಬಂದ ಇದೇ ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ. ಟೇಪು ಸಿಕ್ಕಿಹಾಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಉಳಿಸಿಕೊಂಡ ಕ್ಯಾಸೆಟ್ ನನ್ನದು. ಅದರ ಒಂದೊಂದು ಅಕ್ಷರವೂ ನನಗೆ ಕೇಳಿಸಿತು. ‘ಸ’ ಕೂಡ! ಪುಟ್ಟಿಗೆ ಅನುಮಾನ ಬಂದು, ನಾನು ಮೊದಲು ಕೇಳಿರದ ಬೇರೆ ಹಾಡೊಂದನ್ನು ಅದೇ ಸದ್ದಿನಲ್ಲಿ ಹಾಕಿದಳು. ಅರ್ಧ ಮಾತೂ ತಿಳಿಯಲಿಲ್ಲ. ಬಾಯಿಪಾಠವಾದ ಹಾಡಿನಲ್ಲಿ ಕಿವಿ ಬಿಟ್ಟಿದ್ದನ್ನೆಲ್ಲ ನೆನಪು ತುಂಬಿಸುತ್ತಿತ್ತು. ನಾನು ವರ್ಷಗಟ್ಟಲೆ ಹಳೆಯ ಹಾಡುಗಳನ್ನೇ ಹಾಕಿಕೊಂಡು, ಈಗಿನವರ ಉಚ್ಚಾರಣೆ ಸರಿಯಿಲ್ಲ ಅಂತ ಬೈದುಕೊಂಡಿದ್ದೆ. ಇದೇ ಅಂಕಣದಲ್ಲೂ ಬೈದ ನೆನಪಿದೆ. ಆ ಗಾಯಕರಲ್ಲಿ ಕ್ಷಮೆ ಕೇಳುತ್ತೇನೆ. ಎಲ್ಲರಲ್ಲೂ ಅಲ್ಲ, ಕೆಲವರದು ನಿಜಕ್ಕೂ ಸರಿಯಿರಲಿಲ್ಲ.

ಶ್ರವಣ ಸಾಧನ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಂಡ ಮೊದಲ ದಿನವೇ ತಂಬೂರಿ ತಗಡು ಬಡಿದಂತಾಯಿತು. ಕೊಳಲಿನ ಸ್ವರ ಅಲುಗಾಡಿತು. ತೆಗೆದು ಬೀರುವಿನ ಖಾನೆಯಲ್ಲಿಟ್ಟವನು ಮತ್ತೆ ಮುಟ್ಟಲಿಲ್ಲ. ಖಾನೆಯಲ್ಲೇ ಇಟ್ಟಿರುವ ಅಜ್ಜ ಅಜ್ಜಿಯರು ಇನ್ನೂ ಎಷ್ಟು ಜನ ಇದನ್ನು ಓದುತ್ತಿದ್ದೀರೋ!

ಮೇ ತಿಂಗಳ ಕೊನೆಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರು ತೀರಿಕೊಂಡರು. ಆ ವಾರದ ಆಲ್ಬಮ್ ಪುಟ್ಟಿಯೇ ಆರಿಸಿದಳು, ‘ಚಿನ್ನಾರಿ ಮುತ್ತ’. 1993ರ ಮಕ್ಕಳ ಸಿನಿಮಾ. ನಾಗಾಭರಣ ಅವರ ನಿರ್ದೇಶನ, ವೆಂಕಟೇಶಮೂರ್ತಿಯವರ ಹಾಡುಗಳು, ಸಿ. ಅಶ್ವಥ್ ಸಂಗೀತ. ಅವಳಪ್ಪ ಚಿಕ್ಕವನಿದ್ದಾಗ ಇದನ್ನು ಹಾಕಿ ಹಾಕಿ ಟೇಪೇ ಹರಿದಿತ್ತು. ನನಗೆ ಮಾತು ಸರಿಯಾಗಿ ಸಿಗುತ್ತಿಲ್ಲವೆಂದು ಪುಟ್ಟಿ ಎಲ್ಲ ಹಾಡುಗಳನ್ನೂ ಎರಡು ಗೆರೆ ಪುಸ್ತಕದಲ್ಲಿ ದುಂಡಗೆ ಬರೆದು ಕೊಟ್ಟಳು. ಓದಿಕೊಂಡು ಕೇಳಿದೆ. ಒಂದು ಪದವನ್ನು ಮೂವತ್ತು ವರ್ಷ ತಪ್ಪಾಗಿ ಹಾಡಿಕೊಂಡಿದ್ದೆ ಅಂತ ಗೊತ್ತಾಯಿತು. ಯಾವ ಪದ ಅಂತ ಹೇಳುವುದಿಲ್ಲ, ಮಾನದ ಪ್ರಶ್ನೆ. ವರ್ಷದ ಎರಡನೇ ಸ್ಥಾನ ಇದಕ್ಕೆ.

ಮೊದಲ ಸ್ಥಾನ ಗೌಹರ್ ಜಾನ್‌ಗೆ.

ಆಷಾಢದ ಮಳೆಯ ಒಂದು ಬೆಳಿಗ್ಗೆ ಅವರ ಹಳೆಯ ತಟ್ಟೆಗಳ ಸಂಗ್ರಹ ಹಾಕಿದೆವು. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣಕ್ಕೆ ಕೂತಾಗ, ತಟ್ಟೆಗೆ ಹಾಡಿದ ಭಾರತದ ಮೊದಲಿಗರಲ್ಲಿ ಗೌಹರ್ ಒಬ್ಬರು. ವಿದ್ಯುತ್ತಿನ ಮೈಕು ಆಗ ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯ ಬಾಯೊಳಗೆ ಗಟ್ಟಿಯಾಗಿ ಹಾಡಬೇಕು. ಅದರ ಅದುರಿಗೆ ಸೂಜಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಮೂರು ನಿಮಿಷದಲ್ಲಿ ಆಲಾಪ, ಹಾಡು, ತಾನ ಎಲ್ಲ ಮುಗಿಯಬೇಕು. ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ “ನನ್ನ ಹೆಸರು ಗೌಹರ್ ಜಾನ್” ಅಂತ ಕೂಗಿ ಹೇಳುತ್ತಾರೆ. ಪುಟ್ಟಿ ಬಿದ್ದು ಬಿದ್ದು ನಕ್ಕಳು. ಅದು ಜಂಬವಲ್ಲ. ಮೇಣದ ಅಚ್ಚು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ತಟ್ಟೆಯಾಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಲು ಈ ಉಪಾಯ.

ಗೌಹರ್ ಕೊನೆಗೆ ಬಂದಿದ್ದು ನಮ್ಮ ಊರಿಗೇ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಮೈಸೂರಿಗೆ ಆಸ್ಥಾನ ಗಾಯಕಿಯಾಗಿ ಕರೆಸಿಕೊಂಡರು. 1930ರ ಜನವರಿಯಲ್ಲಿ ಅವರು ಇಲ್ಲೇ ತೀರಿಕೊಂಡರು. ಹಡಗು ದಾಟಿ ಹೆಸರು ಮಾಡಿದ ಆ ದನಿ, ಕೊನೆಯ ದಿನಗಳನ್ನು ಕಳೆದದ್ದು ನಾವು ತರಕಾರಿ ಕೊಳ್ಳುವ ಊರಿನಲ್ಲಿ.

ಆದರೆ ಮೊದಲ ಸ್ಥಾನ ಕೊಟ್ಟಿದ್ದು ಅದಕ್ಕಲ್ಲ. ಆ ಕಹಳೆಗೆ ಎತ್ತರದ ಸದ್ದನ್ನು ಹಿಡಿಯುವ ಶಕ್ತಿಯೇ ಇರಲಿಲ್ಲ. ಅದರ ಮಿತಿ ಹೆಚ್ಚುಕಡಿಮೆ ನನ್ನ ಕಿವಿಯ ಮಿತಿಯಷ್ಟೇ. ನನಗೆ ಕೇಳಿಸದ ಹೊಳಪು ತಟ್ಟೆಯಲ್ಲೇ ಇಲ್ಲ! ಹಾಗಾಗಿ ಆ ಬೆಳಿಗ್ಗೆ ಹನ್ನೊಂದು ವರ್ಷದ ಪುಟ್ಟಿ ಮತ್ತು ಎಪ್ಪತ್ತೊಂದು ವರ್ಷದ ನಾನು, ಇಬ್ಬರೂ ಸಮಸಮ ಕೇಳಿದೆವು. ಅವಳಿಗೆ ಕೇಳಿದ್ದೇ ನನಗೂ ಕೇಳಿತು. ಸಂಕ್ರಾಂತಿಯಿಂದ ಹಾಗಾಗಿರಲಿಲ್ಲ.

ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನೂ ನನಗೆ ಚೆನ್ನಾಗಿ ಸಿಕ್ಕಿತು, ದನಿ ತುಂಬಿಕೊಂಡಿರುವ ವಾದ್ಯ. ಅವರು ಈ ವಾದ್ಯಕ್ಕೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ. 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ವರೆಗೂ ಅದನ್ನು ಒಯ್ದರು. ಆ ವರ್ಷದ ‘ಡ್ಯೂಯೆಟ್’ ಎಂಬ ತಮಿಳು ಸಿನಿಮಾದ ಹಾಡುಗಳಲ್ಲಿ ಎ.ಆರ್. ರೆಹಮಾನ್ ಅವರಿಂದ ನುಡಿಸಿದ್ದಾರೆ, ಅದೇ ಮೂರನೆಯದು.

ದಸರಾದಲ್ಲಿ ದೀಪಾಲಂಕಾರ ನೋಡಲು ಹೋಗಿದ್ದೆವು. ಜನಜಂಗುಳಿ. ಪುಟ್ಟಿ ಕೈಹಿಡಿದು ಏನೋ ಹೇಳಿದಳು. “ಏನು?” ಅಂದೆ. ಮತ್ತೆ ಹೇಳಿದಳು. “ಏನಮ್ಮಾ?” ಮೂರನೇ ಸಲ, “ಏನಿಲ್ಲ, ಹೋಗ್ಲಿ ಬಿಡು ತಾತ” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಬಿಟ್ಟುಬಿಟ್ಟಳು. ಸಂತೂರಿನ ಹೊಳಪು ಹೋದದ್ದನ್ನು ಹೇಗೋ ಸಹಿಸಿದ್ದೆ. ಇದನ್ನು ಸಹಿಸಲಾಗಲಿಲ್ಲ. ಮನೆಗೆ ಬಂದವನೇ ಖಾನೆ ತೆಗೆದೆ.

ಸಾಧನವನ್ನು ಮಾತಿಗೆಂದು ಹೊಂದಿಸಿರುತ್ತಾರಂತೆ. ಕೊಳಲಿನ ನಿಂತ ಸ್ವರವನ್ನು ಅದು ತನ್ನದೇ ಸೀಟಿಯೆಂದು ತಿಳಿದು ಅದುಮಲು ನೋಡುತ್ತದೆ. ಹೋಗಿ ಹೇಳಿದರೆ ಸಂಗೀತಕ್ಕೆ ಬೇರೆ ಹೊಂದಿಕೆ ಮಾಡಿಕೊಡುತ್ತಾರೆ. ನಾನು ಏಳು ತಿಂಗಳು ಹೋಗದೆ ಕೂತಿದ್ದೆ ಅಷ್ಟೆ. ದೀಪಾವಳಿಯ ಮಾರನೇ ದಿನ ಮತ್ತೆ ‘ಕಾಲ್ ಆಫ್ ದಿ ವ್ಯಾಲಿ’ ಹಾಕಿದೆವು. ಹಳೆಯ ಹೊಳಪು ಪೂರ್ತಿ ಬಂತೇ? ಇಲ್ಲ. ಮುಕ್ಕಾಲು ಪಾಲು ಬಂತು. ಕುರುಬನ ಮಧ್ಯಾಹ್ನಕ್ಕೆ ಅಷ್ಟು ಬಿಸಿಲು ಸಾಕು. ಅದಕ್ಕೆ ನಾಲ್ಕನೇ ಸ್ಥಾನ, ‘ನಿತ್ಯೋತ್ಸವ’ ಐದನೆಯದು.

ರಾಜ್ಯೋತ್ಸವಕ್ಕೆ ಪುಟ್ಟಿಯ ಶಾಲೆಯಲ್ಲಿ ನಾಡಗೀತೆ ಹಾಡಿಸಿದರು, ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷ. ಗೌಹರ್ ಕಾಲದ ತಟ್ಟೆಯ ಒಂದು ಮುಖಕ್ಕೆ ಸರಿಹೋಗುತ್ತದೆ ಅಂತ ಲೆಕ್ಕ ಹಾಕಿ, ಪುಟ್ಟಿ ಒಬ್ಬಳೇ ಹಾಡಿ ಫೋನಿನಲ್ಲಿ ಮುದ್ರಿಸಿಕೊಂಡು ಬಂದು ಕೇಳಿಸಿದಳು. ಹಾಡು ಮುಗಿದಿದ್ದೇ ತಡ, ಗೌಹರ್ ಹಾಗೆ ಗಟ್ಟಿಯಾಗಿ ತನ್ನ ಹೆಸರು, ಆರನೇ ತರಗತಿ, ‘ಸಿ’ ಸೆಕ್ಷನ್ ಅಂತ ಕೂಗಿದ್ದಳು.

“ಸಿ? ನೀನು ‘ಬಿ’ ಅಲ್ವೇನೇ?”

“ತಾತ! ಜೂನಿಂದಾನೂ ‘ಸಿ’ನೇ!”