ಗಾಡ್ಜಿಲ್ಲಾ ಮೊದಲು ತುಳಿಯೋದು ಯಾರನ್ನ?

ಮೊನ್ನೆ ನಮ್ಮ ಸಂಘಟನೆಯ ಹುಡುಗನೊಬ್ಬ ಹಳೇ ದೆವ್ವದ ಸಿನಿಮಾಗಳ ತುಣುಕುಗಳನ್ನೆಲ್ಲ ಸೇರಿಸಿ ಒಂದು ವಿಡಿಯೋ ಹಾಕಿದ್ದ. ರಬ್ಬರ್ ಮುಖವಾಡ, ಹಸಿರು ಲೈಟು, ದಾರ ಕಾಣೋ ಬಾವಲಿ. ಕೆಳಗೆ ನಗುವಿನ ಚಿತ್ರಗಳು. "ಅಣ್ಣ, ಇದಕ್ಕೆಲ್ಲ ಹೆದರ್ತಿದ್ರಾ ನೀವು?" ಅಂತ ನನ್ನನ್ನ ಟ್ಯಾಗ್ ಬೇರೆ ಮಾಡಿದ್ದ. ಕಾಮೆಂಟಲ್ಲಿ ಎರಡು ಸಾಲು ಬರೆಯೋಣ ಅಂತ ಕೂತೆ, ಉದ್ದ ಆಯ್ತು. ಅದಕ್ಕೆ ಇಲ್ಲಿ ಹಾಕ್ತಿದೀನಿ. ಹೋರಾಟದ ಬಗ್ಗೆ ಬರೆಯೋದು ಬಿಟ್ಟು ಸಿನಿಮಾ ಯಾಕೆ ಅನ್ನೋರು ಕೊನೆವರೆಗೂ ಓದಿ, ಆಮೇಲೆ ಬೈಯಿರಿ.

ಹೆದರ್ತಿದ್ವಿ ಕಣಪ್ಪ. ಚೆನ್ನಾಗೇ ಹೆದರ್ತಿದ್ವಿ.

ನಾನು ಬೆಳೆದಿದ್ದು ಮಗ್ಗೆ ಕಡೆಯ ಒಂದು ಕಾಫಿ ಎಸ್ಟೇಟಿನ ಲೈನ್ ಮನೇಲಿ. ಎಂಬತ್ತರ ದಶಕದ ಕೊನೆ. ಹಣ್ಣು ಕುಯ್ಲು ಮುಗಿದ ಮೇಲೆ ವರ್ಷಕ್ಕೊಂದು ಸಲ ಟಿವಿ, ವಿಸಿಆರ್ ಬಾಡಿಗೆಗೆ ತರಿಸೋರು. ಕಾಫಿ ಒಣಗಿಸೋ ಕಣದಲ್ಲೇ ಸಿನಿಮಾ. ಸಾಹುಕಾರ್ರ ಮನೆಯೋರಿಗೆ ಮುಂದೆ ಕುರ್ಚಿ. ರೈಟರ್ ಮನೆಯೋರಿಗೆ ಬೆಂಚು. ನಮಗೆ ಕಣದ ಆ ತುದಿ, ಗೋಣಿಚೀಲದ ಮೇಲೆ. ಮೊದಲು ರಾಜಕುಮಾರ್ ಸಿನಿಮಾ, ನಡುರಾತ್ರಿ ಮೇಲೆ ದೆವ್ವದ್ದು. ರಾಮ್ಸೆ ಸೋದರರ 'ಪುರಾನಾ ಮಂದಿರ್' (1984) ನಾನು ನೋಡಿದ್ದು ಹಂಗೆ. ನಮ್ಮ ಲೈನಲ್ಲಿ ಒಬ್ಬರಿಗೂ ಹಿಂದಿ ಬರ್ತಿರಲಿಲ್ಲ. ಸಾಮ್ರಿಗೆ ಭಾಷೆ ಬೇಕಿರಲಿಲ್ಲ. ಆ ಉದ್ದ ಮುಖ, ಆ ಕಣ್ಣು ನೋಡಿದ ಮೇಲೆ ಉಚ್ಚೆಗೆ ಹೋಗೋಕೂ ನಾಲ್ಕು ಜನ ಜೊತೆಗೆ ಬೇಕಾಗಿತ್ತು.

ಹೆದರದೇ ಇದ್ದೋನು ನಮ್ಮಪ್ಪ ಒಬ್ಬನೇ. ಅಪ್ಪ ಎಸ್ಟೇಟ್ ಕೆಲಸದ ಜೊತೆಗೆ ತಮಟೆ ಬಡೀತಿದ್ದ, ಊರಲ್ಲಿ ಯಾರಾದ್ರೂ ಸತ್ರೆ ಗುಂಡಿ ತೋಡ್ತಿದ್ದ. ಇಷ್ಟಪಟ್ಟು ಮಾಡಿದ ಕೆಲಸ ಅಲ್ಲ, ಮಾಡಲ್ಲ ಅನ್ನೋ ಹಂಗಿರಲಿಲ್ಲ. ಸಿನಿಮಾದಲ್ಲಿ ಸ್ಮಶಾನ ಬಂತು ಅಂದ್ರೆ ಹೊಗೆ, ಗೂಬೆ, ಕಂಬಳಿ ಹೊದ್ದು ಲಾಟೀನು ಹಿಡಿದ ಒಬ್ಬ ವಿಕಾರದ ಮುದುಕ. ಮಕ್ಕಳೆಲ್ಲ ಕಿರುಚೋವು. ಅಪ್ಪ ಬೀಡಿ ಎಳೀತಾ ಅಂದಿದ್ದ: "ಇಷ್ಟು ವರ್ಷ ಗುಂಡಿ ತೋಡಿದೀನಿ, ಒಂದು ಹೆಣನೂ ಎದ್ದು ಹೆದರಿಸಲಿಲ್ಲ. ಎದ್ದು ಕೂಲಿನೂ ಕೊಡಲಿಲ್ಲ."

ಆ ಕಂಬಳಿ ಮುದುಕ ನಮ್ಮಪ್ಪ ಅಂತ ನನಗೆ ಹೊಳೆದಿದ್ದು ಎಷ್ಟೋ ವರ್ಷದ ಮೇಲೆ. ಸಿನಿಮಾದವರಿಗೆ ಸ್ಮಶಾನ ಅಂದ್ರೆ ದೆವ್ವದ ಜಾಗ. ನಮಗದು ಅಪ್ಪ ಕೆಲಸಕ್ಕೆ ಹೋಗೋ ಜಾಗ. ಊರಿಗೆಲ್ಲ ಗುಂಡಿ ತೋಡಿದೋನ ಜನಕ್ಕೆ ಹೂಳೋಕೆ ಅಂತ ಒಂದು ತುಂಡು ನೆಲ ಇರಲಿಲ್ಲ. ಹಳ್ಳದ ದಂಡೇಲಿ ಹೂಳ್ತಿದ್ವಿ, ಮಳೆಗಾಲದಲ್ಲಿ ನೀರು ಏರ್ತಿತ್ತು. ಇದನ್ನ ಯಾವ ಹಾರರ್ ಸಿನಿಮಾದಲ್ಲೂ ನಾನು ನೋಡಿಲ್ಲ.

ದೆವ್ವದ ಇನ್ನೊಂದು ಉಪಯೋಗ ಹೇಳ್ತೀನಿ. ನಮ್ಮ ಎಸ್ಟೇಟಿನ ಮೇಲಿನ ಬ್ಲಾಕಲ್ಲಿ, ಸಿಲ್ವರ್ ಮರಗಳ ಹತ್ರ, ಮೋಹಿನಿ ಇದೆ ಅಂತ ರೈಟರು ಹೇಳ್ತಿದ್ರು. ಹೊತ್ತು ಮುಳುಗಿದ ಮೇಲೆ ಯಾರೂ ಹೋಗ್ತಿರಲಿಲ್ಲ. ಆ ಬ್ಲಾಕಲ್ಲೇ ಒಳ್ಳೆ ಸೌದೆ ಇತ್ತು, ಮರಕ್ಕೆ ಹಬ್ಬಿದ ಮೆಣಸಿತ್ತು. ಮೋಹಿನಿಗೆ ಸಂಬಳ ಕೊಡೋದು ಬೇಡ, ರಜೆ ಕೊಡೋದು ಬೇಡ. ಅಷ್ಟು ಅಗ್ಗದ ಕಾವಲುಗಾರ್ತಿ ಯಾರಿಗೆ ಸಿಗ್ತಾಳೆ?

ಕನ್ನಡದ ಸಿನಿಮಾಕ್ಕೆ ಬರ್ತೀನಿ. 'ನಾ ನಿನ್ನ ಬಿಡಲಾರೆ' (1979). ಈಗಿನ ಹುಡುಗ್ರು ನಗಬಹುದು, ನಾನು ನಗಲ್ಲ. ಅನಂತ್ ನಾಗ್ ಮೈಮೇಲೆ ಹೆಣ್ಣಿನ ಆತ್ಮ ಬಂದಾಗ ಆ ಮನುಷ್ಯ ಬರೀ ಕಣ್ಣು ಮತ್ತೆ ನಡಿಗೆಯಲ್ಲೇ ಬೆನ್ನುಮೂಳೆ ತಣ್ಣಗೆ ಮಾಡ್ತಾರೆ. ಗ್ರಾಫಿಕ್ಸ್ ಇಲ್ಲ, ಏನಿಲ್ಲ. ಲಕ್ಷ್ಮಿ ಅವರೂ ಅಷ್ಟೇ. ಕನ್ನಡದಲ್ಲಿ ಅದಕ್ಕಿಂತ ಚೆನ್ನಾಗಿ ಹೆದರಿಸಿದ ಸಿನಿಮಾ ನನಗೆ ನೆನಪಾಗ್ತಿಲ್ಲ. ಆದ್ರೆ ಪರಿಹಾರ ಎಲ್ಲಿ ಸಿಗುತ್ತೆ? ಮಂತ್ರಾಲಯದಲ್ಲಿ, ರಾಯರ ಸನ್ನಿಧಿಯಲ್ಲಿ. ನಂಬದೇ ಇದ್ದೋನು ಮಠದ ಬಾಗಿಲಿಗೆ ಬರೋವರೆಗೂ ಕಾಮಿನಿ ಬಿಡಲ್ಲ. ಭಕ್ತಿ ಅವರವರದ್ದು, ನನ್ನ ತಕರಾರು ಅದಲ್ಲ. ಎಲ್ಲರನ್ನೂ ಒಂದೇ ಥರ ಹೆದರಿಸೋ ದೆವ್ವಕ್ಕೆ ಬಿಡುಗಡೆ ಮಾತ್ರ ಯಾವಾಗಲೂ ಒಂದೇ ಬಾಗಿಲಲ್ಲಿ ಯಾಕೆ ಅಂತ ಕೇಳ್ತಿದೀನಿ, ಅಷ್ಟೇ.

2004ರ 'ಆಪ್ತಮಿತ್ರ' ತಗೊಳ್ಳಿ. ಮಲಯಾಳಂನ 'ಮಣಿಚಿತ್ರತ್ತಾಳ್'ನಿಂದ ಬಂದಿದ್ದು. ಅಲ್ಲಿ ಮನಶ್ಶಾಸ್ತ್ರ ಇದೆ, ಡಾಕ್ಟರ್ ಇದಾರೆ, ಒಂದು ಹೆಜ್ಜೆ ಮುಂದೆ, ಒಪ್ತೀನಿ. ಸೌಂದರ್ಯ ಅವರನ್ನ ಮರೆಯೋಕಾಗಲ್ಲ. ಆದ್ರೂ ನೋಡಿ, ನಾಟ್ಯ ಮಾಡೋ ಒಬ್ಬ ಹೆಣ್ಣನ್ನ ರಾಜ ಕೊಂದ. ನಾವು ಎರಡೂವರೆ ಗಂಟೆ ಹೆದರಿದ್ದು ಕೊಂದೋನಿಗಲ್ಲ, ಸತ್ತೋಳಿಗೆ. "ನಾಗವಲ್ಲಿ" ಅಂದ್ರೆ ಇವತ್ತಿಗೂ ಮನೆಗಳಲ್ಲಿ ಹೆಂಗಸರನ್ನ ಬೈಯೋ ಪದ. ಆ ರಾಜನ ಹೆಸರು ಹೇಳಿ ಯಾರಾದ್ರೂ ಗಂಡಸರನ್ನ ಬೈದಿದ್ದು ಕೇಳಿದೀರಾ?

ಅನ್ಯಾಯವಾಗಿ ಸತ್ತೋರು ದೆವ್ವ ಆಗ್ತಾರೆ, ಬಂದು ಸೇಡು ತೀರಿಸ್ಕೋತಾರೆ ಅನ್ನೋದು ಈ ಎಲ್ಲ ಕತೆಗಳ ಬಂಡವಾಳ. ಹಂಗಿದ್ರೆ ಕಂಬಾಲಪಲ್ಲಿ? 2000ದ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನ ಬೆಂಕಿ ಹಚ್ಚಿ ಕೊಂದರು. 2006ರಲ್ಲಿ ಆರೋಪಿಗಳ ಖುಲಾಸೆ ಆಯ್ತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡೀತು. ಯಾರು ಕೊಂದ್ರು ಅನ್ನೋದಕ್ಕೆ ಇವತ್ತಿಗೂ ಉತ್ತರ ಇಲ್ಲ. ಆ ಏಳು ಜನರಲ್ಲಿ ಯಾರೂ ಬಿಳಿ ಸೀರೆ ಉಟ್ಕೊಂಡು ಯಾರ ಕಿಟಕಿನೂ ಬಡೀಲಿಲ್ಲ. ದೆವ್ವ ಇಲ್ಲ ಅನ್ನೋದಕ್ಕೆ ವಿಚಾರವಾದಿಗಳು ಏನೇನೋ ಪುರಾವೆ ಕೊಡ್ತಾರೆ. ನನಗೆ ಇದೊಂದು ಸಾಕು.

ಅದಕ್ಕೇ ನನಗೆ ದೆವ್ವಕ್ಕಿಂತ ದೈತ್ಯ ಪ್ರಾಣಿಗಳ ಸಿನಿಮಾ ಮೇಲೆ ನಂಬಿಕೆ ಜಾಸ್ತಿ. ದೆವ್ವ ಒಬ್ಬರ ಮೈಮೇಲೆ ಬರುತ್ತೆ. ದೈತ್ಯ ಊರಿನ ಮೇಲೇ ಬರುತ್ತೆ. ಊರಿನ ಮೇಲೆ ಬಂದಾಗ ಯಾರ ಮನೆ ಎಲ್ಲಿದೆ, ಯಾರ ಗೋಡೆ ಯಾವುದರದ್ದು, ಯಾರು ಬೀದಿಯಲ್ಲಿದ್ರು ಅನ್ನೋದನ್ನ ಕ್ಯಾಮೆರಾ ತೋರಿಸಲೇಬೇಕಾಗುತ್ತೆ.

ಕನ್ನಡದಲ್ಲಿ ಅಂಥದ್ದು ಕಮ್ಮಿ. ಶಂಕರ್ ನಾಗ್ ಮಾಡಿದ 'ಒಂದು ಮುತ್ತಿನ ಕಥೆ' (1987) ಇದೆ, ಸ್ಟೈನ್‌ಬೆಕ್‌ನ 'ದಿ ಪರ್ಲ್' ಆಧರಿಸಿದ್ದು. ಅಣ್ಣಾವ್ರು ನೀರೊಳಗೆ ಆಕ್ಟೋಪಸ್ ಜೊತೆ ಹೋರಾಡ್ತಾರೆ. ಕಣದಲ್ಲಿ ಕೂತು ನಾವು ಶಿಳ್ಳೆ ಹೊಡೆದಿದ್ದು ಅದಕ್ಕೇ. ಕಾದಂಬರಿ ಓದಿದ್ದು ದೊಡ್ಡೋನಾದ ಮೇಲೆ. ಅಲ್ಲಿ ಆಕ್ಟೋಪಸ್ಸೇ ಇಲ್ಲ. ಬಡವನ ಮಗುವಿಗೆ ಚೇಳು ಕಚ್ಚಿದಾಗ ಬಾಗಿಲು ತೆಗೆಯದ ಡಾಕ್ಟರ್ ಇದಾನೆ, ಮುತ್ತಿಗೆ ಬೆಲೆನೇ ಇಲ್ಲ ಅಂತ ಒಂದಾಗಿ ಹೇಳೋ ವ್ಯಾಪಾರಿಗಳಿದಾರೆ. ಎಂಟು ಕೈ ಅಲ್ಲೇ ಸಿಗುತ್ತೆ.

ಈಗ ಗಾಡ್ಜಿಲ್ಲಾ. ಈಗಿನ ಹಾಲಿವುಡ್ ಗಾಡ್ಜಿಲ್ಲಾ ಅಲ್ಲ, ಜಪಾನಿನ ಮೊದಲನೇದು, 'ಗೊಜಿರಾ'. 1954ರ ನವೆಂಬರ್ 3ರಂದು ಬಿಡುಗಡೆ, ನಿರ್ದೇಶಕ ಇಶಿರೋ ಹೋಂಡಾ. ಕಪ್ಪು ಬಿಳುಪು. ಹರುವೊ ನಕಾಜಿಮಾ ಅನ್ನೋ ನಟ ಭಾರದ ರಬ್ಬರ್ ಸೂಟ್ ಹಾಕ್ಕೊಂಡು ಬೊಂಬೆ ಊರನ್ನ ತುಳೀತಾರೆ. ನಗು ಬರುತ್ತೆ ಅಂತ ಕೂತೆ, ಬರಲಿಲ್ಲ.

ಯಾಕಂದ್ರೆ ಅದೇ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸ್ತು. ಆ ಬೂದಿ ಒಂದು ಜಪಾನಿ ಮೀನುಗಾರಿಕೆ ದೋಣಿ ಮೇಲೆ ಬಿತ್ತು. ದೋಣಿಯಲ್ಲಿ 23 ಜನ. ರೇಡಿಯೋ ನೋಡ್ಕೋತಿದ್ದೋರು ಸೆಪ್ಟೆಂಬರಿನಲ್ಲಿ ತೀರಿಹೋದ್ರು. ಎರಡು ತಿಂಗಳೊಳಗೆ ಈ ಸಿನಿಮಾ ತೆರೆಗೆ ಬಂತು. ಶುರುವಾಗೋದೇ ಹಡಗಿನ ಕೂಲಿಗಳ ಸಾವಿನಿಂದ. ಆಮೇಲೆ ಮೀನುಗಾರರು. ಆಮೇಲೆ ದ್ವೀಪದ ಬಡವರ ಮನೆಗಳು. ರಾಜಧಾನಿಗೆ ಆ ಪ್ರಾಣಿ ಬರೋದು ಇದೆಲ್ಲ ಆದ ಮೇಲೆ. ಆ ದ್ವೀಪದ ಮುದುಕನೊಬ್ಬ ಹೇಳ್ತಾನೆ, ಹಿಂದೆ ಮೀನು ಸಿಗದಿದ್ರೆ ಹೆಣ್ಣುಮಕ್ಕಳನ್ನ ಸಮುದ್ರಕ್ಕೆ ಬಲಿ ಕೊಡ್ತಿದ್ರು ಅಂತ. ಸಂಸತ್ತಿನಲ್ಲಿ ಒಂದು ದೃಶ್ಯ ಇದೆ. ವಿಷಯ ಜನಕ್ಕೆ ತಿಳಿಸೋದು ಬೇಡ ಅಂತ ದೊಡ್ಡೋರು ಅಂತಾರೆ, ತಿಳಿಸಲೇಬೇಕು ಅಂತ ಹೆಂಗಸರು ಎದ್ದು ಕೂಗ್ತಾರೆ. ತಾಲ್ಲೂಕು ಆಫೀಸಿನ ಕುಂದುಕೊರತೆ ಸಭೆಗೆ ಹೋದೋರಿಗೆ ಆ ದೃಶ್ಯಕ್ಕೆ ಸಬ್‌ಟೈಟಲ್ ಬೇಡ.

ಇದೇ ಸಿನಿಮಾನ ಅಮೆರಿಕದೋರು 1956ರಲ್ಲಿ ತಗೊಂಡು ಹೋಗಿ, ಬಾಂಬಿನ ಮಾತುಗಳನ್ನ ಬಹಳಷ್ಟು ಕತ್ತರಿಸಿ, ನಡುನಡುವೆ ಒಬ್ಬ ಅಮೆರಿಕನ್ ವರದಿಗಾರನನ್ನ ತುರುಕಿ ಹೊಸದಾಗಿ ಬಿಡುಗಡೆ ಮಾಡಿದ್ರು. ಸಾಯೋರು ಜಪಾನಿಗಳು, ಕತೆ ಹೇಳೋನು ಬಿಳಿಯ. ಪ್ರಾಣಿ ಉಳೀತು, ಪ್ರಾಣಿ ಯಾಕೆ ಬಂತು ಅನ್ನೋದು ಹೋಯ್ತು.

ಇದು ನನಗೆ ಹೊಸದಲ್ಲ. ನಮ್ಮಲ್ಲಿ ಆನೆ ಸುದ್ದಿ ಟಿವಿಯಲ್ಲಿ ಬರೋದೂ ಹಿಂಗೇ. "ಒಂಟಿ ಸಲಗದ ಅಟ್ಟಹಾಸ", ಹಿಂದೆ ಸಿನಿಮಾ ಮ್ಯೂಸಿಕ್ಕು. ತೋಟದ ಮಾಲೀಕರ ಮಾತು, ಬೆಳೆ ಹಾನಿ, ಮುರಿದ ಗೇಟು. ಸತ್ತ ಕೂಲಿಯ ಹೆಸರು ಕೆಳಗಿನ ಪಟ್ಟಿಯಲ್ಲಿ ಓಡಿ ಹೋಗುತ್ತೆ. ಆನೆ ಯಾಕೆ ಬಂತು? 'ನಾ ನಿನ್ನ ಬಿಡಲಾರೆ' ಬಂದ ಅದೇ 1979ರಲ್ಲಿ ಗೊರೂರಲ್ಲಿ ಹೇಮಾವತಿ ಅಣೆಕಟ್ಟು ಮುಗೀತು. ಊರು ಮುಳುಗಿದ್ವು, ಕಾಡು ಮುಳುಗ್ತು. ಮುಳುಗಡೆಯೋರಿಗೆ ಕಾಡು ಕಡಿದು ಜಾಗ ಕೊಟ್ರು. ಆನೆ ಓಡಾಡ್ತಿದ್ದ ದಾರಿ ತುಂಡಾಯ್ತು. ಈಗ ಆಲೂರು, ಸಕಲೇಶಪುರದ ಆನೆಗಳು ಇರೋದು ಕಾಫಿ ಗಿಡದ ನಡುವೆ. 2014ರ ಸುಮಾರಿಗೆ ಈ ಭಾಗದಿಂದ 22 ಆನೆ ಹಿಡಿದು ಸಾಗಿಸಿದ್ರು. ಜಾಗ ಖಾಲಿ ಉಳೀಲಿಲ್ಲ, ಬೇರೆ ಆನೆ ಬಂದ್ವು. ಆದ್ರೆ ಟಿವಿಯ ಕತೆಯಲ್ಲಿ ಅಣೆಕಟ್ಟೇ ಇರಲ್ಲ, ಬಾಂಬ್ ಕತ್ತರಿಸಿದಂಗೆ ಕತ್ತರಿಸಿರ್ತಾರೆ.

ನಮ್ಮ ಚಿಕ್ಕಮ್ಮ ಹೋಗಿದ್ದು ಆನೆಗೆ. ಬೆಳಗ್ಗೆ ಏಳು ಗಂಟೆ, ಮಂಜು, ಕೈಯಲ್ಲಿ ಬುತ್ತಿ ಡಬ್ಬಿ. ಜೀಪಲ್ಲಿ ಹೋಗೋರಿಗೆ ಆನೆ ಅಂದ್ರೆ ಹಾರನ್ ಹೊಡೆದು ವಿಡಿಯೋ ಮಾಡೋ ವಿಷಯ. ನಡ್ಕೊಂಡು ಹೋಗೋರಿಗೆ ಅದು ಎದುರಿಗೆ ನಿಂತ ಗೋಡೆ. ಆನೆ ಜಾತಿ ನೋಡಲ್ಲ ಅಂತಾರೆ, ನಿಜ. ಆದ್ರೆ ಬೆಳಗ್ಗೆ ಏಳಕ್ಕೆ ತೋಟದ ಕಾಲುದಾರೀಲಿ ಯಾರು ನಡೀತಿರ್ತಾರೆ ಅನ್ನೋದನ್ನ ಜಾತಿನೇ ನೋಡಿರುತ್ತೆ. ಮೊಬೈಲಿಗೆ ಆನೆ ಎಲ್ಲಿದೆ ಅಂತ ಮೆಸೇಜ್ ಬರುತ್ತೆ ಈಗ, ಒಳ್ಳೇದು. ಮೆಸೇಜ್ ಬಂತು ಅಂತ ಕೆಲಸಕ್ಕೆ ಹೋಗದಿದ್ರೆ ಆವತ್ತಿನ ಕೂಲಿ ಯಾರು ಕೊಡ್ತಾರೆ ಅನ್ನೋದು ಮೆಸೇಜಲ್ಲಿ ಇರಲ್ಲ. ಚಿಕ್ಕಮ್ಮ ಬಿದ್ದ ಕಾಫಿ ಸಾಲಲ್ಲಿ ಮಾರನೇ ವಾರ ಕಸಿ ನಡೀತು.

ಆನೆ ಮೇಲೆ ನನಗೆ ಸಿಟ್ಟಿಲ್ಲ. 1933ರ 'ಕಿಂಗ್ ಕಾಂಗ್' ನೋಡಿದಾಗ್ಲೂ ನನಗೆ ಸಿಟ್ಟು ಬಂದಿದ್ದು ಆ ವಾನರನ ಮೇಲಲ್ಲ, ಅವನನ್ನ ಸಂಕೋಲೆ ಹಾಕಿ ನ್ಯೂಯಾರ್ಕಿನ ನಾಟಕದ ಅಂಗಳಕ್ಕೆ ತಂದು ಟಿಕೆಟ್ ಮಾರಿದೋನ ಮೇಲೆ. ಅದು ಜಗತ್ತಿನ ದೊಡ್ಡ ಸಿನಿಮಾ ಅಂತಾರೆ. ಬೊಂಬೆಯನ್ನ ಒಂದೊಂದೇ ಚೌಕಟ್ಟಲ್ಲಿ ಕದಲಿಸಿ ಜೀವ ಕೊಟ್ಟ ಕೈಚಳಕಕ್ಕೆ ನಾನೂ ಕೈ ಮುಗೀತೀನಿ. ಆದ್ರೆ ಆ ದ್ವೀಪದ ಕಪ್ಪು ಜನರನ್ನ ಕುಣಿಯೋ ಕಾಡುಜನ ಮಾಡಿ ಬಿಟ್ಟಿದಾರೆ. ಕಾಂಗ್ ಅವರ ಮನೆ ತುಳಿದಾಗ ಅಳೋಕೆ ಸಿನಿಮಾ ಒಂದು ಕ್ಷಣನೂ ಕೊಡಲ್ಲ. ಅಳು ಬರೋದು ಕಾಂಗ್ ಎಂಪೈರ್ ಸ್ಟೇಟ್ ಕಟ್ಟಡದಿಂದ ಬಿದ್ದಾಗ ಮಾತ್ರ.

2023ರ ಡಿಸೆಂಬರ್ 4ರಂದು ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತಾಗ ಇಡೀ ರಾಜ್ಯ ಅತ್ತಿತು. ನಾನೂ ಅತ್ತೆ. ಎಂಟು ಸಲ ಅಂಬಾರಿ ಹೊತ್ತು, ಅಂಬಾರಿಯಿಂದ ಬಿಡುಗಡೆ ಆದ ಮೇಲೂ ಅವನನ್ನ ಕೆಲಸಕ್ಕೆ ಕಳಿಸಿದ್ರಲ್ಲ, ಅವನೂ ಕೂಲಿಯೋನೇ. ಅದೇ ವರ್ಷ ಆಗಸ್ಟ್ 31ಕ್ಕೆ ನಮ್ಮ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಆನೆಗೆ ಅರಿವಳಿಕೆ ಹೊಡೆಯೋಕೆ ಹೋದ ಮನುಷ್ಯ ಅದೇ ಆನೆಯ ಕಾಲಿಗೆ ಸಿಕ್ಕಿ ಸತ್ರು. ಅವರ ಹೆಸರು ಎಷ್ಟು ಜನಕ್ಕೆ ನೆನಪಿದೆ? ಅರ್ಜುನನಿಗೆ ಸ್ಮಾರಕ ಬೇಕು ಅಂತ ಕೂಗಿದೋರಲ್ಲಿ ಒಬ್ಬರೂ ಅವರಿಗೊಂದು ಕಲ್ಲು ನಿಲ್ಲಿಸಿ ಅಂದಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಅದಕ್ಕೆ ತಮ್ಮ, ನಿನ್ನ ವಿಡಿಯೋ ನೋಡಿ ನಾನು ನಗಲಿಲ್ಲ. ರಬ್ಬರ್ ಕಾಣುತ್ತೆ, ದಾರ ಕಾಣುತ್ತೆ, ಸರಿ. ಇನ್ನೊಂದು ಸಲ ನೋಡುವಾಗ ಮೊದಲು ಯಾರು ಸಾಯ್ತಾರೆ ಅಂತ ಲೆಕ್ಕ ಹಾಕು. ಕಾವಲುಗಾರ, ಅಡುಗೆಯವಳು, ಗಾಡಿ ಹೊಡೆಯೋನು, ದೋಣಿಯೋನು. ಒಂದು ಚೀಟಿಯಲ್ಲಿ ಬರೆದಿಟ್ಕೋ, ಸಿಕ್ಕಿದಾಗ ಮಾತಾಡೋಣ.

ಬರೋ ಭಾನುವಾರ ನಮ್ಮ ಕಾಲೋನಿಯ ಸಮುದಾಯ ಭವನದಲ್ಲಿ 1954ರ 'ಗೊಜಿರಾ' ಹಾಕ್ತಿದೀವಿ. ಪರದೆಗೆ ಬೆಡ್‌ಶೀಟು, ಪ್ರೊಜೆಕ್ಟರ್ ಒಬ್ಬ ಮೇಷ್ಟ್ರದ್ದು. ಜಪಾನಿ ಮಾತನ್ನ ನಾನೇ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳ್ತೀನಿ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಶುರು, ನಾಲ್ಕೂವರೆಗೆ ಮುಗಿಸಲೇಬೇಕು. ಐದರ ಮೇಲೆ ಆನೆ ಇಳೀತವೆ, ದೂರದೋರು ಬೆಳಕಿರುವಾಗ ಮನೆ ಸೇರ್ಕೋಬೇಕು. ಆ ಕಡೆಯ ಲೈನ್‌ಗಳಿಂದ ಬರೋರು ಒಬ್ಬೊಬ್ಬರೇ ನಡ್ಕೊಂಡು ಬರಬೇಡಿ, ಮೊದಲೇ ಫೋನ್ ಮಾಡಿ, ಟಾಟಾ ಏಸ್ ಕಳಿಸ್ತೀವಿ. ಕುರ್ಚಿ ಇರಲ್ಲ, ಎಲ್ಲರಿಗೂ ಚಾಪೆ.

ಜೈ ಭೀಮ್.