ಉಚಿತ ಚಿತ್ರ: ಅಲಂಕಾರಕ್ಕೆ ಸರಿ, ಗುರುತಿಗೆ ಸಲ್ಲದು

ಊದುಬತ್ತಿಯ ಪೊಟ್ಟಣ, ಉಪ್ಪಿನಕಾಯಿಯ ಲೇಬಲ್, ಬಟ್ಟೆ ಅಂಗಡಿಯ ಕೈಚೀಲ ಇವುಗಳ ಮೇಲಿನ ಬಳ್ಳಿ, ನವಿಲು, ಕಮಲಗಳ ವಿನ್ಯಾಸವು ಇಂದು ಅನೇಕ ವೇಳೆ ಅಂತರಜಾಲದಿಂದ ಉಚಿತವಾಗಿ ಪಡೆದ 'ವೆಕ್ಟರ್' ಚಿತ್ರವಾಗಿರುತ್ತದೆ. ರೇಖೆ ಮತ್ತು ವಕ್ರಗಳ ಗಣಿತದಿಂದ ರಚಿತವಾಗುವ ಇಂತಹ ಚಿತ್ರವನ್ನು ಬೆಂಕಿಪೊಟ್ಟಣದ ಅಳತೆಯಿಂದ ಹೋರ್ಡಿಂಗ್ ಅಳತೆಗೆ ಹಿಗ್ಗಿಸಿದರೂ ಅದರ ಅಂಚು ಒಡೆಯುವುದಿಲ್ಲ. ಅಲ್ಪ ಬಂಡವಾಳದ ಉದ್ಯಮಿಗೆ ಇದು ನಿಜಕ್ಕೂ ವರದಾನವೇ ಸರಿ. ಆದರೆ ಉಚಿತವೆಂಬುದು ಬೆಲೆಗೆ ಸಂಬಂಧಿಸಿದ ಮಾತೇ ಹೊರತು ಹಕ್ಕಿಗೆ ಸಂಬಂಧಿಸಿದುದಲ್ಲ ಎಂಬುದನ್ನು ವರ್ತಕರು ಮರೆಯಲಾಗದು.

2002ರಿಂದ ಬಳಕೆಗೆ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನೇ ನೋಡಬಹುದು. ಅವುಗಳಲ್ಲಿ ಕೆಲವು ಕಲಾವಿದನ ಹೆಸರನ್ನು ನಮೂದಿಸಿದರೆ ಸಾಕೆನ್ನುತ್ತವೆ. ಕೆಲವು ವಾಣಿಜ್ಯ ಬಳಕೆಯನ್ನೇ ನಿಷೇಧಿಸುತ್ತವೆ. ಮತ್ತೆ ಕೆಲವು ಚಿತ್ರವನ್ನು ಮಾರ್ಪಡಿಸಿ ಹಂಚುವುದಕ್ಕೆ ಒಪ್ಪುವುದಿಲ್ಲ. ಮುದ್ರಣಾಲಯದವರು ಒದಗಿಸಿದ ಚಿತ್ರವೆಂಬ ಸಮಜಾಯಿಷಿಯಿಂದ ಸರಕಿನ ಮಾಲೀಕನ ಹೊಣೆ ತಾನಾಗಿ ಕಳೆಯುವುದಿಲ್ಲ. ತಿಳಿದೂ ಕೃತಿಸ್ವಾಮ್ಯವನ್ನು ಉಲ್ಲಂಘಿಸಿದವರಿಗೆ 1957ರ ಕೃತಿಸ್ವಾಮ್ಯ ಅಧಿನಿಯಮದ 63ನೇ ಪ್ರಕರಣವು ಮೂರು ವರ್ಷಗಳವರೆಗಿನ ಕಾರಾವಾಸವನ್ನೂ ಎರಡು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸುತ್ತದೆ.

ಇದಕ್ಕಿಂತಲೂ ದೊಡ್ಡ ನಷ್ಟ ಮಾರುಕಟ್ಟೆಯಲ್ಲಿ ಸಂಭವಿಸುವಂತಹುದು. ಎಲ್ಲರಿಗೂ ದೊರೆಯುವ ಚಿತ್ರವನ್ನು ಪ್ರತಿಸ್ಪರ್ಧಿಯೂ ಅಷ್ಟೇ ಸುಲಭವಾಗಿ ಪಡೆಯಬಲ್ಲ. ಹತ್ತು ವರ್ಷ ದುಡಿದು ಗಳಿಸಿದ ಗ್ರಾಹಕರ ವಿಶ್ವಾಸವು ಒಂದು ನವಿಲಿನ ಚಿತ್ರಕ್ಕೆ ಅಂಟಿಕೊಂಡಿದ್ದು, ಅದೇ ನವಿಲು ಪಕ್ಕದ ಊರಿನ ಸರಕಿನ ಮೇಲೂ ಕಾಣಿಸಿಕೊಂಡರೆ ಅದನ್ನು ತಡೆಯಲು ಆಧಾರ ದುರ್ಬಲ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮವು ಅಪೇಕ್ಷಿಸುವುದು ಒಬ್ಬರ ಸರಕನ್ನು ಇನ್ನೊಬ್ಬರದರಿಂದ ಬೇರ್ಪಡಿಸಿ ತೋರುವ ವೈಶಿಷ್ಟ್ಯವನ್ನು. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿರುವ ಆನೆಯ ಮುಖ, ಸಿಂಹದ ದೇಹದ ಶರಭವನ್ನು ಕಂಡೊಡನೆ ಅಕ್ಷರ ಬಾರದವರೂ ಸರಕನ್ನು ಗುರುತಿಸುತ್ತಾರೆ. ಆ ಮನ್ನಣೆ ಎಲ್ಲರ ಕೈಗೂ ಸಿಗುವ ಚಿತ್ರದಿಂದ ದೊರೆಯುವಂತಹುದಲ್ಲ.

ಹಣ ತೆತ್ತು ಕಲಾವಿದರಿಂದ ಚಿಹ್ನೆ ಬರೆಯಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಭಾವಿಸಬಾರದು. ಕೃತಿಸ್ವಾಮ್ಯದ ವರ್ಗಾವಣೆಯು ಲಿಖಿತವಾಗಿ, ಹಕ್ಕುದಾರನ ಸಹಿಯೊಡನೆ ಆಗಬೇಕೆಂಬುದು 19ನೇ ಪ್ರಕರಣದ ವಿಧಿ. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಅದು ಪರಿಗಣಿತವಾಗುತ್ತದೆ. ರಫ್ತುದಾರರು ಇದನ್ನು ವಿಶೇಷವಾಗಿ ಗಮನಿಸುವುದು ಒಳಿತು.

ಆದ್ದರಿಂದ ವಿವೇಕದ ಮಾರ್ಗ ಸರಳವಾಗಿದೆ. ಹಬ್ಬದ ಶುಭಾಶಯ ಪತ್ರ, ಕ್ಯಾಲೆಂಡರ್, ಬೆಲೆಪಟ್ಟಿಯ ಅಂಚು ಮುಂತಾದ ಅಲಂಕಾರಗಳಿಗೆ ಉಚಿತ ವಿನ್ಯಾಸಗಳು ಧಾರಾಳವಾಗಿ ಒದಗಲಿ. ಅವುಗಳನ್ನು ಪಡೆದ ದಿನಾಂಕ, ತಾಣದ ಹೆಸರು ಹಾಗೂ ಅಂದಿನ ಪರವಾನಗಿಯ ಪ್ರತಿಯು ಖರೀದಿಯ ಬಿಲ್ಲುಗಳ ಜೊತೆಯಲ್ಲೇ ಕಡತದಲ್ಲಿರಲಿ. ಆದರೆ ಸರಕಿನ ಗುರುತಾಗಿ ನಿಲ್ಲಬೇಕಾದ ಚಿಹ್ನೆಯನ್ನು ಸ್ಥಳೀಯ ಕಲಾವಿದರಿಂದಲೇ ಹೊಸದಾಗಿ ಬರೆಯಿಸಿ, ಹಕ್ಕುಪತ್ರ ಪಡೆದು, ನೋಂದಣಿಗೆ ಅರ್ಜಿ ಸಲ್ಲಿಸುವುದು ಯುಕ್ತ. ಯಂತ್ರಕ್ಕೆ ವಿಮೆ ಮಾಡಿಸುವ ಉದ್ಯಮಿಯು ತನ್ನ ಸರಕಿನ ಹೆಸರನ್ನು ಅರಕ್ಷಿತವಾಗಿ ಬಿಡುವುದು ಲೆಕ್ಕಾಚಾರಕ್ಕೆ ಒಪ್ಪುವ ಉಳಿತಾಯವಲ್ಲ.